ಪೆನ್ನು ಅವರ ಕೈಯಲ್ಲೇ ಇರಲಿ

ಆ ಮನೆಯಲ್ಲಿ ಯಾರೂ ಯಾವ ಕೆಲಸವನ್ನೂ ಪೂರ್ತಿ ಮುಗಿಸಿದ್ದಿಲ್ಲ. ಸೋಮಾರಿಗಳು ಅಂತಲ್ಲ, ಅಮ್ಮ ಬಿಟ್ಟರಲ್ಲವೇ ಮುಗಿಸುವುದು! ಯಾರಾದರೂ ಈರುಳ್ಳಿ ಹೆಚ್ಚಲು ಕೂತರೆ ಮೂರನೆಯ ಹೋಳಿಗೆ ಅವಳ ಕೈ ಅಡ್ಡ ಬರುತ್ತಿತ್ತು: "ಕೊಡಿಲ್ಲಿ." ಮಗ ಅಂಗಿಯ ಗುಂಡಿ ಹಚ್ಚಿಕೊಳ್ಳಲು ಸೂಜಿಗೆ ದಾರ ಪೋಣಿಸುತ್ತಿದ್ದರೆ, "ಕೊಡಿಲ್ಲಿ." ಅಪ್ಪ ಮೊಳೆ ಹೊಡೆಯಲು ಸುತ್ತಿಗೆ ಎತ್ತಿದರೆ, "ಕೊಡ್ರೀ ಇಲ್ಲಿ, ನಿಮ್ಮ ಕೈಲಿ ಆದ ಹಾಗೇ ಇದೆ." ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಹೊಸದನ್ನು ಹೊಲಿದು ಹಳೆಯದನ್ನು ಬಿಗಿ ಸಡಿಲ ಮಾಡಿಕೊಡುವ ಹೆಂಗಸು ಅವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಸಿಟಿ ಬಸ್ ಓಡಿಸುವ ಗಂಡ ಅವಳಿಗೆ "ಕೊಡಿಲ್ಲಿ ಮೇಡಂ" ಎಂದು ಹೆಸರಿಟ್ಟಿದ್ದ. ಆ ಹೆಸರು ಹಿಡಿದು ಕರೆಯುವ ಧೈರ್ಯ ಅವನಿಗೆ ಹೊಟ್ಟೆ ತುಂಬಿದ ಮೇಲೆ ಮಾತ್ರ ಬರುತ್ತಿತ್ತು.

ಮಗಳು ಅಮ್ಮನ ಪಡಿಯಚ್ಚು. ಹುಟ್ಟಿದಾಗಿನಿಂದ ಒಂದು ಕಡೆ ಕೂತವಳಲ್ಲ, ಅದಕ್ಕೇ ಮನೆಯವರೆಲ್ಲ ಅವಳನ್ನು ಚಿನಕುರಳಿ ಎನ್ನುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷ, ಸಂಖ್ಯಾಶಾಸ್ತ್ರದಲ್ಲಿ ಅವಳನ್ನು ಮೀರಿಸುವವರಿಲ್ಲ. ಒಂದು ಸಂಜೆ ಊಟದ ಮೇಜಿನಲ್ಲಿ ಅವಳು ಸುದ್ದಿ ಹೇಳಿದಳು.

"ನನ್ನನ್ನ ಪೀರ್ ಟ್ಯೂಟರ್ ಅಂತ ತಗೊಂಡಿದಾರೆ."

"ಹಾಗಂದ್ರೇನೇ?" ಎಂದಳು ಅಜ್ಜಿ.

"ಓದೋ ಮಕ್ಕಳೇ ಜೊತೆಯವರಿಗೆ ಹೇಳ್ಕೊಡೋದು ಅಜ್ಜಿ. ಮೇಷ್ಟ್ರ ಹತ್ರ ಕೇಳೋಕೆ ನಾಚಿಕೆ ಪಡೋರು ನಮ್ಮ ಹತ್ರ ಬಂದು ಕೇಳ್ತಾರೆ. ಸದ್ಯಕ್ಕೆ ಪರೀಕ್ಷೆಗೆ ಇಟ್ಟಿದಾರೆ. ಮೇಡಂ ಪಕ್ಕದಲ್ಲಿ ಕೂತು ನೋಡ್ತಾರೆ. ಸರಿ ಅನ್ನಿಸಿದ್ರೆ ಖಾಯಂ, ಇಲ್ಲದಿದ್ರೆ ಮನೆಗೆ."

"ನಿನಗೇನೇ, ನೀರು ಕುಡಿದ ಹಾಗೆ" ಎಂದ ಅಪ್ಪ.

ಎಲ್ಲರೂ ಹಾಗೇ ಅಂದುಕೊಂಡರು, ಅವಳೂ ಸೇರಿ. ಓದು ಮುಗಿಸಿ ಪಾಠ ಹೇಳುವವಳಾಗಬೇಕೆಂಬುದು ಅವಳ ಬಹುದಿನದ ಆಸೆ. ಈ ಕೆಲಸ ಖಾಯಂ ಆಗದಿದ್ದರೆ, ಆ ಆಸೆಗೆ ತಾನೇ ಎಳ್ಳುನೀರು ಬಿಟ್ಟ ಹಾಗೆ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು. ಅಣ್ಣ ಮಾತ್ರ ತಟ್ಟೆ ನೋಡುತ್ತ ಕೂತಿದ್ದ. ಅವನದು ಕೊನೆಯ ವರ್ಷ. ಆದರೆ ಮೊದಲ ವರ್ಷದ ಸಂಖ್ಯಾಶಾಸ್ತ್ರದ ಪೇಪರ್ ಇನ್ನೂ ಕುತ್ತಿಗೆಗೆ ಬಿದ್ದಿತ್ತು. ಎರಡು ಸಲ ಬರೆದು ಎರಡೂ ಸಲ ಹೋಗಿತ್ತು. ಮೂರನೆಯದೇ ಕೊನೆಯದು, ಅದೂ ಹೋದರೆ ಕೋರ್ಸೇ ಹೋದಂತೆ.

ವಿಶ್ವವಿದ್ಯಾಲಯದ ಗ್ರಂಥಾಲಯದ ಹಿಂಭಾಗದಲ್ಲಿ ಹೆಲ್ಪ್ ರೂಮ್ ಎನ್ನುವ ಉದ್ದನೆಯ ಕೋಣೆ. ಆರು ಮೇಜು, ಮೇಜಿಗೆರಡು ಕುರ್ಚಿ, ತಿರುಗುವಾಗ ಕಿರುಗುಟ್ಟುವ ಒಂದು ಫ್ಯಾನು. ಅದನ್ನು ನೋಡಿಕೊಳ್ಳುವ ಮೇಡಂ ಮೊದಲ ದಿನವೇ ಒಂದು ಮಾತು ಹೇಳಿದರು. "ಇಲ್ಲಿ ನಿಯಮ ಅಂತ ಒಂದೇ. ಪೆನ್ನು ಅವರ ಕೈಯಲ್ಲೇ ಇರಬೇಕು. ಉತ್ತರ ನಿನ್ನ ಬಾಯಿಂದ ಬರಬಾರದು. ನೀನು ಕೇಳು, ಅವರು ಹೇಳಲಿ."

ಚಿನಕುರಳಿ ಭಕ್ತಿಯಿಂದ ತಲೆ ಆಡಿಸಿದಳು. ಹತ್ತು ನಿಮಿಷ ಕಳೆದಿರಲಿಲ್ಲ, ಎದುರಿಗೆ ಕೂತ ದಪ್ಪ ಕನ್ನಡಕದ ಹುಡುಗಿ ಎರಡನೆಯ ಸಾಲಿನಲ್ಲಿ ತಡವರಿಸಿದಳು. ಇವಳ ಕೈ ತಾನಾಗಿ ಚಾಚಿತು. "ಕೊಡಿಲ್ಲಿ." ಲೆಕ್ಕ ಸರಸರ ಕೆಳಗಿಳಿದು ಮುಗಿದೇ ಹೋಯಿತು. ಹುಡುಗಿಗೂ ಖುಷಿ, ಇವಳಿಗೂ ಖುಷಿ. ಮರುವಾರ ಅದೇ ಹುಡುಗಿ ಅದೇ ಲೆಕ್ಕ ಹಿಡಿದುಕೊಂಡು ಬಂದು, ಅದೇ ಎರಡನೆಯ ಸಾಲಿನಲ್ಲಿ ನಿಂತುಬಿಟ್ಟಳು.

"ಹೋದ ವಾರ ಇದನ್ನ ಯಾರು ಮಾಡಿದ್ದು?" ಎಂದು ಕೇಳಿದರು ಮೇಡಂ.

"ಅವಳೇ ಮಾಡಿದ್ದು ಮೇಡಂ."

"ಅಕ್ಷರ ನಿನ್ನದಿದೆಯಲ್ಲಮ್ಮ."

ಅದಾದ ಮೇಲೆ ಮತ್ತೆರಡು ಸಲ ಹಾಗೇ ಆಯಿತು. ಪ್ರತಿ ಸಲವೂ ಪೆನ್ನು ಕೈಗೆ ಬಂದ ಮೇಲೇ ಅವಳಿಗೆ ಗೊತ್ತಾಗುತ್ತಿದ್ದುದು. ಮೇಡಂ ಕಡ್ಡಿ ಮುರಿದಂತೆ ಹೇಳಿದರು. "ಲೆಕ್ಕ ನಿನಗೆ ಬರುತ್ತೆ, ಸರಿ. ಸುಮ್ಮನಿರೋದು ಬರಲ್ಲ. ಬರೋ ಗುರುವಾರ ನಾನು ಪೂರ್ತಿ ಹೊತ್ತು ಕೂತು ನೋಡ್ತೀನಿ. ಅವತ್ತೂ ಹೀಗೇ ಆದ್ರೆ ಬೇರೆಯವರನ್ನ ನೋಡ್ಕೋತೀನಿ."

ಆ ಮಾತನ್ನೇ ತಲೆಯಲ್ಲಿ ತುಂಬಿಕೊಂಡು ಮನೆಗೆ ಬಂದರೆ, ಅಲ್ಲಿ ಬೇರೆಯದೇ ರಾಮಾಯಣ. ಎರಡು ತಿಂಗಳ ಹಿಂದೆ ಅಜ್ಜಿ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಈಗ ಪ್ಲಾಸ್ಟರ್ ಬಿಚ್ಚಿ ಆಗಿತ್ತು. ಕೈಗೆ ಕೆಲಸ ಕೊಡಿ, ಇಲ್ಲದಿದ್ದರೆ ಹಾಗೇ ಸೆಟೆದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಕೆಲಸ ಕೊಡುವವರು ಯಾರು? ಅಜ್ಜಿ ಬೀನ್ಸ್ ಬುಟ್ಟಿ ಮುಂದೆ ಎಳೆದುಕೊಂಡು ಒಂದು ಕಾಯಿಯ ನಾರು ತೆಗೆಯುವಷ್ಟರಲ್ಲಿ ಅಮ್ಮ ಬುಟ್ಟಿಯನ್ನೇ ಎತ್ತಿದ್ದಳು.

"ಕೊಡಿ ಅತ್ತೆ ಇಲ್ಲಿ. ನೀವು ಮಾಡೋಷ್ಟರಲ್ಲಿ ನಾಳೆ ಆಗುತ್ತೆ."

"ಆಗ್ಲಿ ಬಿಡೆ! ನಾಳೆ ಏನು ಓಡಿಹೋಗುತ್ತಾ? ಡಾಕ್ಟರು ಏನು ಹೇಳಿದ್ದು?"

"ಡಾಕ್ಟರು ಹೇಳ್ತಾರೆ. ಸಂಜೆ ಅಡುಗೆ ಮಾಡೋಕೆ ಡಾಕ್ಟರು ಬರ್ತಾರಾ?"

"ನನ್ನ ಕೈ ಮುರಿದಿದ್ದು ಬಚ್ಚಲು, ಕೂಡದ ಹಾಗೆ ಮಾಡ್ತಿರೋಳು ನೀನು" ಎಂದು ಅಜ್ಜಿ ಮುಖ ತಿರುಗಿಸಿ ಕೂತಳು.

ಊಟಕ್ಕೆ ಕೂತಾಗ ಅಮ್ಮ ಅಣ್ಣನ ವಿಷಯ ತೆಗೆದಳು. ಬರುವ ವಾರ ಅವನು ಸಂಖ್ಯಾಶಾಸ್ತ್ರದ ಅಸೈನ್‌ಮೆಂಟ್ ಕೊಡಬೇಕಿತ್ತು, ಪರೀಕ್ಷೆ ಅದರ ಹಿಂದೆಯೇ.

"ಊರ ಮಕ್ಕಳಿಗೆಲ್ಲ ಹೇಳ್ಕೊಡ್ತಿದೀಯ. ನಿಮ್ಮಣ್ಣನಿಗೆ ಒಂದು ಬರೆದುಕೊಟ್ಟುಬಿಡು. ನಿನ್ನ ಗಂಟೇನು ಹೋಗುತ್ತೆ?"

"ಬರೆದುಕೊಡೋ ಹಾಗಿಲ್ಲ ಅಮ್ಮ."

"ಯಾಕೆ? ಇಲ್ಲೇನು ನಿಮ್ಮ ಮೇಡಂ ಬಂದು ಕೂತಿದಾರಾ?"

ಅಣ್ಣ ಲೋಟವನ್ನು ಮೇಜಿಗೆ ಕುಕ್ಕಿದ. "ನನಗೆ ಯಾರೂ ಏನೂ ಬರೆದುಕೊಡೋದು ಬೇಡ."

"ಬೇಡ ಅಂದ್ರೆ? ಎರಡು ಸಲ ನೀನೇ ಬರೆದು ಉದ್ಧಾರ ಆಗಿದ್ದು ನೋಡಿಲ್ವಾ?"

"ಹೂಂ, ನೋಡಿದೀಯ! ಯಾಕೆ ಹಾಗಾಯ್ತು ಅಂತ ನೋಡಿದೀಯಾ?" ಅವನ ದನಿ ಏರಿತು. "ಚಿಕ್ಕೋನಿದ್ದಾಗಿಂದ ನಾನು ಪೆನ್ಸಿಲ್ ಹಿಡಿದ್ರೆ ಸಾಕು, ಈ ಮನೇಲಿ ನಾಲ್ಕು ಕೈ ಬರ್ತಿದ್ವು. ನಕ್ಷೆ ಬರೆದೋಳು ನೀನು, ಮಗ್ಗಿ ಬರೆದೋಳು ಇವಳು. ಸ್ಕೂಲಲ್ಲಿ ನೂರಕ್ಕೆ ನೂರು ಬಂದಿದ್ದು ನನಗಲ್ಲ, ನಿಮಗೆ. ಈಗ ಪರೀಕ್ಷೆ ಹಾಲಲ್ಲಿ ಕೂತ್ರೆ ಪೆನ್ನು ನಿಂತೇ ಹೋಗುತ್ತೆ, ಯಾರಾದ್ರೂ ಕಿತ್ಕೊಳ್ಳಲಿ ಅಂತ ಕಾಯೋ ಹಾಗೆ."

ಅರ್ಧ ಊಟ ಬಿಟ್ಟು ಎದ್ದು ಹೋದ. ಅಮ್ಮ ಬಾಗಿಲ ಕಡೆಗೇ ನೋಡುತ್ತ ಕೂತಳು. "ಮಕ್ಕಳಿಗೆ ಮಾಡಿದ್ದೂ ತಪ್ಪಾ?" ಎಂದಳು ಯಾರಿಗೆಂದಿಲ್ಲದೆ. ಅಪ್ಪ ಕೆಮ್ಮಿ, ಆಲೂಗಡ್ಡೆ ಚೆನ್ನಾಗಿದೆ ಎಂದ. ಚಿನಕುರಳಿ ಅಣ್ಣನ ತಟ್ಟೆಯ ಮೇಲೆ ಮುಚ್ಚಳ ಇಟ್ಟಳು. ಅಣ್ಣ ಹೇಳಿದ್ದರಲ್ಲಿ ಸುಳ್ಳೇನಿತ್ತು?

ಗುರುವಾರ ಬಂತು. ಮೇಡಂ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಾಗಿಲು ತೆರೆದು ಒಳಗೆ ಬಂದವನು ಯಾರು? ಅಣ್ಣ!

"ನೀನ್ಯಾಕೋ ಇಲ್ಲಿಗೆ ಬಂದೆ?" ಎಂದು ಚಿನಕುರಳಿ ಪಿಸುಗುಟ್ಟಿದಳು.

"ಈ ಪೇಪರಿಗೆ ಇಲ್ಲಿ ನೀನೊಬ್ಬಳೇ ಇರೋದಂತೆ, ಏನ್ಮಾಡ್ಲಿ? ಮನೇಲಿ ನಿನ್ನ ಹತ್ರ ಕೂತ್ರೆ ಅಮ್ಮ ಬರ್ತಾಳೆ. ಇಲ್ಲಿಗಂತೂ ಬರಲ್ಲ."

ಅವನು ಹಾಳೆ ಹರಡಿದ. ಒಂದು ಅಂಗಡಿಯಲ್ಲಿ ಇಬ್ಬರು ದರ್ಜಿಗಳು. ಅಂಗಿಗಳಲ್ಲಿ ಹೆಚ್ಚಿನವು ಮೊದಲನೆಯವನು ಹೊಲಿದವು, ಸ್ವಲ್ಪ ಎರಡನೆಯವನವು. ಇಬ್ಬರ ಕೈಯಲ್ಲೂ ಒಂದಿಷ್ಟು ಅಂಗಿಗಳ ಹೊಲಿಗೆ ಕೆಡುತ್ತದೆ, ಎರಡನೆಯವನ ಕೈಯಲ್ಲಿ ಜಾಸ್ತಿ. ಈಗ ಹೊಲಿಗೆ ಕೆಟ್ಟ ಒಂದು ಅಂಗಿ ಕೈಗೆ ಸಿಕ್ಕಿದೆ. ಅದು ಎರಡನೆಯವನದಾಗಿರುವ ಸಾಧ್ಯತೆ ಎಷ್ಟು? ಅಣ್ಣ ಎರಡು ವರ್ಷದಿಂದ ಬೀಳುತ್ತಿದ್ದುದು ಇಂಥ ಲೆಕ್ಕದಲ್ಲೇ.

ಚಿನಕುರಳಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿ ಅವುಗಳ ಮೇಲೆ ಕೂತುಬಿಟ್ಟಳು. ತಲೆ ಮೇಲೆ ತಲೆ ಬಿದ್ದರೂ ಕೈ ಹೊರಗೆ ತೆಗೆಯಬಾರದು. ಅಣ್ಣ ಬರೆದ, ನಿಂತ, ಹೊಡೆದುಹಾಕಿದ, ಮತ್ತೆ ಬರೆದ. ಅವಳು ಒಂದಕ್ಷರ ಹೇಳಿಕೊಡಲಿಲ್ಲ, ಆಗಾಗ "ಆಮೇಲೆ?" ಎಂದಳು, ಅಷ್ಟೇ. ಅರ್ಧ ಗಂಟೆಯೊಳಗೆ ಉತ್ತರ ಸರಿಯಾಗಿ ಬಂದು ಕೂತಿತು. ಅಣ್ಣ ತಂಗಿ ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಇನ್ನೇನು ಗೆದ್ದ ಹಾಗೇ!

ಮೇಡಂ ಎದ್ದು ಬಂದರು. "ನೀನು ಸ್ವಲ್ಪ ಹೊರಗೆ ಹೋಗಿರಮ್ಮ." ಅವಳು ಹೊರಗೆ ಕಾರಿಡಾರಿನಲ್ಲಿ ಉಗುರು ಕಚ್ಚುತ್ತ ಅತ್ತಿಂದಿತ್ತ ತಿರುಗಿದಳು. ಮತ್ತೆ ಒಳಗೆ ಕರೆದಾಗ ಅಣ್ಣನ ಮುಂದೆ ಹೊಸ ಹಾಳೆಯಿತ್ತು. ಅದೇ ಲೆಕ್ಕ, ಎರಡು ಸಾಲು ಬರೆದು ನಿಂತುಹೋಗಿತ್ತು. ಅವನು ತಲೆ ತಗ್ಗಿಸಿದ್ದ.

"ಪೆನ್ನು ಮುಟ್ಟಲಿಲ್ಲ, ಸಂತೋಷ" ಎಂದರು ಮೇಡಂ. "ಆದ್ರೆ ಅವನು ಹಾಳೆ ನೋಡ್ತಿರಲಿಲ್ಲ. ನಿನ್ನ ಹುಬ್ಬು ನೋಡ್ತಿದ್ದ. ತಪ್ಪು ಬರೆದ್ರೆ ಹುಬ್ಬು ಮೇಲೆ ಹೋಗುತ್ತೆ, ಸರಿ ಬರೆದ್ರೆ ಕೆಳಗೆ ಬರುತ್ತೆ. ನಾನೇ ಆ ಹುಬ್ಬು ನೋಡ್ಕೊಂಡು ಲೆಕ್ಕ ಮಾಡಬಹುದಿತ್ತು. ಇವನು ನಿನಗೇನಾಗಬೇಕು?"

"ಅಣ್ಣ, ಮೇಡಂ."

"ಅದೇ ಮತ್ತೆ!" ಮೇಡಂ ನಗಲಿಲ್ಲ. "ಬರೋ ಗುರುವಾರ ಇವನೇ ಬರಲಿ. ಅದೇ ಕೊನೆ."

ಮನೆಯ ದಾರಿಯಲ್ಲಿ ಇಬ್ಬರೂ ಅಂಗಡಿ ಸಾಲು ದಾಟಿದರು. ಸಿಗ್ನಲ್ ಹತ್ತಿರ ಅಣ್ಣ ನಿಂತ.

"ಪರೀಕ್ಷೆ ಹಾಲಲ್ಲಿ ನಿನ್ನ ಮುಖ ಎಲ್ಲಿಂದ ತರ್ಲಿ ಹೇಳು?"

"ನಾನೇನ್ಮಾಡ್ಲಿ? ನನ್ನ ಮುಖ ನನ್ನ ಮಾತು ಕೇಳಲ್ಲ!"

"ಹಾಗಿದ್ರೆ ಗೋಣಿಚೀಲ ಹಾಕ್ಕೊಂಡು ಬಾ."

ನಗು ಬರುವಂಥ ಮಾತೇ. ಇಬ್ಬರಿಗೂ ನಗು ಬರಲಿಲ್ಲ.

ಆ ವಾರವಿಡೀ ಚಿನಕುರಳಿ ಕಾಲು ಸುಟ್ಟ ಬೆಕ್ಕಿನ ಹಾಗೆ ಚಡಪಡಿಸಿದಳು. ಓದಲು ಕೂತರೆ ಎದ್ದಳು, ಮಲಗಿದರೆ ಹೊರಳಿದಳು. ಕನ್ನಡಿಯ ಮುಂದೆ ನಿಂತು ಹುಬ್ಬು ಅಲ್ಲಾಡಿಸದೆ ಇರಲು ಪ್ರಯತ್ನಿಸಿದಳು, ಕಣ್ಣು ಅಲ್ಲಾಡಿತು. ಕಣ್ಣು ಬಿಗಿ ಹಿಡಿದರೆ ತುಟಿ ಅಲ್ಲಾಡಿತು.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣೇ" ಎಂದಳು ಅಜ್ಜಿ ಮಂಚದಿಂದ. "ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಅದು ಬಿಡು, ಇಲ್ಲಿ ಬಾ. ಅಮ್ಮ ಗಿರಾಕಿ ಹತ್ರ ಮಾತಾಡ್ತಿದಾಳೆ. ಆ ಬುಟ್ಟಿ ಈ ಕಡೆ ತಳ್ಳು."

ಚಿನಕುರಳಿ ಬೀನ್ಸ್ ಬುಟ್ಟಿ ತಳ್ಳಿದಳು. ಅಜ್ಜಿಯ ಬೆರಳುಗಳು ಕಾಯಿಯ ತುದಿ ಹಿಡಿಯುವುದು, ಜಾರುವುದು, ಮತ್ತೆ ಹಿಡಿಯುವುದು. ಒಂದು ನಾರು ಬರುವಷ್ಟರಲ್ಲಿ ಇವಳಿಗೆ ತಾಳ್ಮೆ ಕೆಟ್ಟಿತು. ಕೈ ಚಾಚೇಬಿಟ್ಟಳು.

"ತೆಗಿ ಕೈ!" ಅಜ್ಜಿ ಗದರಿದಳು. "ನೋಡೋಕಾಗದಿದ್ರೆ ಆ ಕಡೆ ತಿರುಗಿ ಕೂತ್ಕೋ."

ಅವಳು ತಿರುಗಿ ಕೂತಳು. ಬೆನ್ನ ಹಿಂದೆ ಕಾಯಿ ಮುರಿಯುವ ಚಟ್ ಸದ್ದು. ತುಂಬಾ ಹೊತ್ತು ಬಿಟ್ಟು ಮತ್ತೊಂದು ಚಟ್. ನೋಡದೆ ಕೇಳುತ್ತಿದ್ದರೆ ಕೈ ಅಷ್ಟಾಗಿ ತುಡಿಯುವುದಿಲ್ಲ ಎಂಬುದು ಅವಳಿಗೆ ಹೊಳೆದದ್ದು ಆಗಲೇ. "ಅಜ್ಜಿ, ಈಗೇನು ಮಾಡ್ತಿದೀಯ?" ಎಂದು ಕೇಳಿದಳು. "ಹಿಡಿದಿದೀನಿ... ಹಾಳಾದ್ದು ಜಾರ್ತು... ಈಗ ಉಗುರು ಕೊಟ್ಟು ಎಳೀತೀನಿ..." ಎಂದು ಅಜ್ಜಿ ಹೇಳುತ್ತ ಹೋದಳು. ಹೇಳುತ್ತ ಹೇಳುತ್ತ ಅವಳ ಕೈಯೂ ಹದಕ್ಕೆ ಬಂತು. ಅಷ್ಟರಲ್ಲಿ ಅಮ್ಮ ಒಳಗೆ ಬಂದಳು.

"ಅಯ್ಯೋ ದೇವರೇ, ಅತ್ತೆ! ಕೊಡಿ ಇಲ್ಲಿ."

"ಮುಟ್ಟಬೇಡ ಅಮ್ಮ" ಎಂದಳು ಚಿನಕುರಳಿ.

"ಏನಂದೆ?"

"ಬುಟ್ಟಿ ಮುಟ್ಟಬೇಡ. ಅಜ್ಜಿ ಮಾಡ್ತಾಳೆ. ಊಟ ತಡ ಆದ್ರೆ ತಡವಾಗಿ ತಿನ್ನೋಣ."

"ಓಹೋ! ನಾಲ್ಕು ದಿನ ಪಾಠ ಹೇಳಿದ್ದಕ್ಕೆ ನನಗೇ ಪಾಠ ಹೇಳೋಕೆ ಬಂದ್ಯಾ? ಈ ಮನೇಲಿ ಎಲ್ಲರ ಹೊಟ್ಟೆ ಹೊತ್ತಿಗೆ ಸರಿಯಾಗಿ ತುಂಬ್ತಿರೋದು ಈ ಎರಡು ಕೈಯಿಂದ ಕಣೇ. ಮಾಡಿದ್ದಕ್ಕೆ ಮಗ ಬೈತಾನೆ, ಮಾಡೋದಕ್ಕೆ ಮಗಳು ತಡೀತಾಳೆ. ಹಾಗಿದ್ರೆ ನಾನ್ಯಾಕಿರಬೇಕು ಇಲ್ಲಿ?"

ಅಮ್ಮನ ಕಣ್ಣಲ್ಲಿ ನೀರಿತ್ತು. ಚಿನಕುರಳಿಗೆ ಪಿಚ್ಚೆನಿಸಿತು, ಆದರೂ ಬುಟ್ಟಿಯ ಮುಂದಿನಿಂದ ಏಳಲಿಲ್ಲ. ಅಮ್ಮ ಮುಂದಿನ ಕೋಣೆಗೆ ಹೋಗಿ ಯಂತ್ರ ತುಳಿಯತೊಡಗಿದಳು. ಬಟ್ಟೆಯ ಮೇಲಿನ ಕೋಪವಲ್ಲ ಅದು ಎಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಕೊನೆಯ ಗುರುವಾರ ಚಿನಕುರಳಿ ಹೆಲ್ಪ್ ರೂಮಿಗೆ ಎಲ್ಲರಿಗಿಂತ ಮೊದಲೇ ಹೋಗಿ ತನ್ನ ಕುರ್ಚಿಯನ್ನು ತಿರುಗಿಸಿ ಹಾಕಿದಳು. ಮೇಜಿಗೆ ಅವಳ ಬೆನ್ನು. ಅಣ್ಣ ಬಂದು ನೋಡಿ ಇವಳಿಗೇನು ಹುಚ್ಚೇ ಎಂಬಂತೆ ನಿಂತ.

"ಕೂತ್ಕೋ. ಬರೀತಾ ಬಾಯಿಬಿಟ್ಟು ಹೇಳು. ನಾನು ಕೇಳಿಸ್ಕೋತೀನಿ."

ಮೇಡಂ ಕಿಟಕಿಯ ಪಕ್ಕ ಕೂತು ನೋಡುತ್ತಿದ್ದರು. ಅಣ್ಣ ಹೇಳುತ್ತ ಬರೆದ. ಅವಳು ಪ್ರತಿ ಸಾಲಿಗೂ "ಯಾಕೆ?" ಎಂದಳು. ಸರಿಯಾದದ್ದಕ್ಕೂ ಯಾಕೆ, ತಪ್ಪಾದದ್ದಕ್ಕೂ ಯಾಕೆ. "ಎಲ್ಲದಕ್ಕೂ ಯಾಕೆ ಅಂತೀಯಲ್ಲೇ, ಯಾವುದು ಸರಿ ಅಂತ ಹೇಗೆ ಗೊತ್ತಾಗಬೇಕು?" ಎಂದು ಅವನು ರೇಗಿದ.

"ಅದನ್ನೇ ನಾನೂ ಕೇಳ್ತಿರೋದು."

ಅವನು ಎರಡನೆಯ ದರ್ಜಿಯ ಕೆಟ್ಟ ಅಂಗಿಗಳನ್ನು ಸರಿಯಾಗಿ ಲೆಕ್ಕ ಹಾಕಿದ. ಆಮೇಲೆ, "ಒಟ್ಟು ಅಂಗಿಗಳಿಂದ ಭಾಗಿಸ್ತೀನಿ" ಎಂದ. ತಪ್ಪು! ಒಟ್ಟು ಅಂಗಿಗಳಲ್ಲ, ಬರೀ ಕೆಟ್ಟವು! ಮಾತು ಚಿನಕುರಳಿಯ ನಾಲಿಗೆಯ ತುದಿಗೆ ಬಂದು ನಿಂತಿತು. ಹಲ್ಲು ಕಚ್ಚಿ ಅದನ್ನು ನುಂಗಿದಳು.

"ಯಾಕೆ?"

"ಯಾಕೆ ಅಂದ್ರೆ, ಒಟ್ಟು ಅಂದ್ರೆ ಒಟ್ಟು."

"ಈಗ ನಿನ್ನ ಕೈಲಿರೋ ಅಂಗಿ ಎಂಥದ್ದು?"

"ಹೊಲಿಗೆ ಕೆಟ್ಟಿದ್ದು." ಪೆನ್ನು ನಿಂತಿತು. ಫ್ಯಾನು ಕಿರುಗುಟ್ಟುತ್ತಿತ್ತು. "ಅದಕ್ಕೂ ಇದಕ್ಕೂ ಏನು ಸಂಬಂಧ?" ಅವಳು ಉತ್ತರ ಕೊಡಲಿಲ್ಲ. ಅವನು ಗೊಣಗಿದ, ಏನೋ ಹೊಡೆದುಹಾಕಿದ, ಮತ್ತೆ ಅದನ್ನೇ ಬರೆದ. ಗಂಟೆ ಹೊಡೆಯಿತು. ಹಾಳೆ ಮಡಚುವ ಸದ್ದು, ಕುರ್ಚಿ ಎಳೆಯುವ ಸದ್ದು, ಬಾಗಿಲ ಸದ್ದು. ಅಣ್ಣ ತಪ್ಪು ಉತ್ತರ ಹಿಡಿದುಕೊಂಡು ಹೊರಟುಹೋದ, ಅವಳು ಅವನನ್ನು ಹಾಗೇ ಹೋಗಲು ಬಿಟ್ಟಳು.

ತಿರುಗಿದಾಗ ಅವಳ ಕೆನ್ನೆ ಒದ್ದೆಯಾಗಿತ್ತು.

"ಹೇಗನ್ನಿಸ್ತಿದೆ?" ಎಂದರು ಮೇಡಂ.

"ಓಡಿಹೋಗಿ ಹೇಳಿಬಿಡೋಣ ಅನ್ನಿಸ್ತಿದೆ ಮೇಡಂ. ಒಂದು ಮಾತು ಹೇಳಿದ್ರೆ ಸಾಕಿತ್ತು."

"ನನಗೂ ಹೀಗೇ ಆಗುತ್ತೆ, ಈಗ್ಲೂ." ಮೇಡಂ ಕಿಟಕಿ ಮುಚ್ಚಿದರು. "ಸೋಮವಾರದಿಂದ ಬಾ. ಆ ಮೇಜು ನಿನ್ನದೇ."

ಇಷ್ಟು ದಿನ ಕಾದ ಮಾತು ಕಿವಿಗೆ ಬಿದ್ದಿತ್ತು. ಕುಣಿಯಬೇಕಾಗಿತ್ತು. ಅವಳು ಮಾತ್ರ ಕಾರಿಡಾರಿನಲ್ಲಿ ಅಣ್ಣನನ್ನು ಹುಡುಕುತ್ತ ಓಡಿದಳು, ಅವನೆಲ್ಲೂ ಇರಲಿಲ್ಲ.

ಊಟದ ಹೊತ್ತಾದರೂ ಅವನು ಬರಲಿಲ್ಲ. ಏನಾಯಿತೆಂದು ಕೇಳಿ ತಿಳಿದುಕೊಂಡ ಅಮ್ಮ ನಿಂತಲ್ಲೇ ಉರಿದಳು.

"ತಪ್ಪು ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸ್ದೆ?"

"ಹೂಂ."

"ಒಡಹುಟ್ಟಿದೋನು ಕಣೇ! ಅವನ ಬದುಕು ಮುಳುಗಿದ್ರೂ ಪರವಾಗಿಲ್ಲ, ನಿನ್ನ ಕೆಲಸ ಖಾಯಂ ಆಯ್ತಲ್ಲ!"

ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಚಿನಕುರಳಿ ಅಳುತ್ತಲೇ ತಟ್ಟೆಗಳನ್ನು ಇಟ್ಟಳು. ಅಜ್ಜಿ ಮೆಲ್ಲಗೆ ಎದ್ದು ಬಂದು ಬಲಗೈಯಲ್ಲಿ ಸೌಟು ಹಿಡಿದಳು, ನಾನೇ ಬಡಿಸುತ್ತೇನೆ ಎಂದಳು. ಅವಳ ಜೊತೆ ಜಗಳವಾಡಲು ಅಮ್ಮನಿಗೆ ಶಕ್ತಿ ಉಳಿದಿರಲಿಲ್ಲ.

ಆಗ ಬಾಗಿಲಲ್ಲಿ ಅಪ್ಪನ ಬೂಟಿನ ಸದ್ದಾಯಿತು. ಹಿಂದೆಯೇ ಅಣ್ಣ.

"ತಗೊಳ್ಳಿ ನಿಮ್ಮ ಸಾಹೇಬ್ರನ್ನ" ಎಂದ ಅಪ್ಪ ಟೋಪಿ ತೆಗೆಯುತ್ತ. "ಸಂಜೆಯಿಂದ ನನ್ನ ಬಸ್ಸಲ್ಲೇ ಕೂತಿದಾನೆ. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಇಳಿಯೋರನ್ನ ಬೆರಳು ಮಾಡಿ ಎಣಿಸ್ತಾನೆ. ಒಬ್ಬ ಮುದುಕಪ್ಪ ಬಂದು, ಡ್ರೈವರ್ರೇ, ಆ ಹುಡುಗನಿಗೆ ಏನೋ ಆಗಿದೆ ನೋಡಿ ಅಂದ. ನನ್ನ ಮಗ ಅಂತ ಹೇಳೋಕೆ ಧೈರ್ಯ ಬರ್ಲಿಲ್ಲ."

"ಅಮ್ಮಾ, ಕೇಳಿಲ್ಲಿ" ಎಂದ ಅಣ್ಣ. ಅವನ ಮುಖ ಕೆಂಪಗಿತ್ತು. "ಆಸ್ಪತ್ರೆ ಸ್ಟಾಪಲ್ಲಿ ಒಂದಿಷ್ಟು ಜನ ಇಳಿದ್ರು. ಇವರಲ್ಲಿ ಮಾರ್ಕೆಟ್ ಹತ್ರ ಹತ್ತಿದೋರು ಎಷ್ಟು ಅಂತ ಕೇಳಿದ್ರೆ, ಬಸ್ಸಲ್ಲಿ ಇನ್ನೂ ಕೂತಿರೋರನ್ನ ಯಾಕೆ ಲೆಕ್ಕಕ್ಕೆ ತಗೋಬೇಕು? ಇಳಿದೋರು ಮಾತ್ರ ಸಾಕಲ್ವಾ? ಅಂಗೀನೂ ಅಷ್ಟೇ! ನನ್ನ ಕೈಲಿರೋದು ಕೆಟ್ಟ ಅಂಗಿ. ಅಂದ್ರೆ ಕೆಟ್ಟವು ಮಾತ್ರ ಲೆಕ್ಕಕ್ಕೆ. ಚೆನ್ನಾಗಿರೋವು ಮಾರಾಟ ಆಗಿ ಎಲ್ಲಿಗೋ ಹೋದ್ವು, ಅವುಗಳ ಗೊಡವೆ ನನಗ್ಯಾಕೆ? ಎರಡು ವರ್ಷದಿಂದ ಅವನ್ನೂ ಸೇರಿಸ್ಕೊಂಡು ಸಾಯ್ತಿದ್ದೆ."

"ಇಬ್ಬರ ಕೈಲೂ ಅಷ್ಟೊಂದು ಅಂಗಿ ಕೆಡೋ ಅಂಗಡಿ ಯಾವುದಪ್ಪ" ಎಂದಳು ಅಮ್ಮ ಮೂಗು ಒರೆಸಿಕೊಳ್ಳುತ್ತ. "ಅದು ಸರಿ, ಉತ್ತರ ಬಂತಾ?"

ಅವನು ಜೇಬಿನಿಂದ ಹಾಳೆ ತೆಗೆದ. ಬಸ್ಸಿನ ಕುಲುಕಾಟಕ್ಕೆ ಅಕ್ಷರಗಳು ಸೊಟ್ಟಗೆ ಹರಿದಾಡಿದ್ದವು. ಚಿನಕುರಳಿಯ ಕೈ ತನಗೇ ತಿಳಿಯದೆ ಮೇಜಿನ ಮೇಲಿಂದ ಚಾಚಿತ್ತು.

"ಕೊಡಿಲ್ಲಿ, ನೋಡ್ತೀನಿ."

ಎಲ್ಲರೂ ಅವಳ ಕೈಯನ್ನೇ ನೋಡಿದರು. ಅಣ್ಣ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ.

"ಬೇಡ" ಎಂದ.

"ಒಂದು ಸಲ ತೋರಿಸೋ" ಎಂದಳು ಅಮ್ಮ. "ಸರಿ ಇದೆಯೋ ಇಲ್ವೋ ಅವಳು ಹೇಳಲಿ. ನಾಡಿದ್ದು ಪರೀಕ್ಷೆ."

"ಬೇಡ ಅಮ್ಮ. ಸರಿ ಇದೆ."

ಚಿನಕುರಳಿ ಕೈ ಹಿಂದಕ್ಕೆ ತೆಗೆದುಕೊಂಡಳು. ಎದೆಯಲ್ಲಿ ಏನೋ ಚುಳ್ಳೆಂದಿತು, ಅದರ ಜೊತೆಗೇ ಹಿಡಿಸಲಾರದಷ್ಟು ಸಂತೋಷವೂ ಆಯಿತು. ಅಜ್ಜಿಯ ಸೌಟು ನಡುಗುತ್ತ ಬಂತು. ಅರ್ಧ ಅನ್ನ ತಟ್ಟೆಗೆ, ಅರ್ಧ ಮೇಜಿಗೆ ಬಿತ್ತು. ಅಮ್ಮ ಕುರ್ಚಿಯಿಂದ ಅರ್ಧ ಎದ್ದವಳು ಹಾಗೇ ಕೂತು, ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಅಣ್ಣ ಮೇಜಿನ ಮೇಲೆ ಬಿದ್ದದ್ದನ್ನು ತಟ್ಟೆಗೆ ಬಳಿದುಕೊಂಡು ಗಬಗಬನೆ ತಿನ್ನತೊಡಗಿದ. ಊಟ ಮುಗಿಯುವವರೆಗೂ ಅವನು ತಂಗಿಯ ಮುಖದ ಕಡೆ ಒಂದು ಸಲವೂ ನೋಡಲಿಲ್ಲ.